ಅಪ್ಪ ಸೈಕಲ್ ಹತ್ತಿದ ಗೌರಿ ಹುಣ್ಣಿಮೆ

ಊರಿನ ಸೈಕಲ್ಲುಗಳೆಲ್ಲ ಓಡುತ್ತಿದ್ದವು. ನಮ್ಮ ಮನೆಯದು ಮಾತ್ರ ನಡೆಯುತ್ತಿತ್ತು. ಹಳಿಯಾಳದ ಪೇಟೆ ಓಣಿಯಲ್ಲಿ ಬೆಳಗಾಗುತ್ತಲೇ ಅಪ್ಪ ಅದನ್ನು ಕರೆದುಕೊಂಡು ಕಿರಾಣಿ ಅಂಗಡಿಗೆ ಹೊರಡುತ್ತಿದ್ದ. ಎಡಕ್ಕೆ ಅಪ್ಪ, ಬಲಕ್ಕೆ ಸೈಕಲ್ಲು. ಹೊಸದಾಗಿ ಲಗ್ನವಾದವರು ದೇವರಿಗೆ ಹೊರಟ ಹಾಗೆ ಇಬ್ಬರದೂ ಒಂದೇ ಹೆಜ್ಜೆ. ಹ್ಯಾಂಡಲ್ಲಿನ ಒಂದು ಕಡೆ ಕೈಚೀಲ, ಇನ್ನೊಂದು ಕಡೆ ಕೊಡೆ, ಹಿಂದಿನ ಕ್ಯಾರಿಯರಿನ ಮೇಲೆ ಬುತ್ತಿಯ ಗಂಟು. ಸೀಟಿನ ಮೇಲೆ ಮಾತ್ರ ಯಾರೂ ಇಲ್ಲ. ಓಣಿಯ ತಿರುವು ಬಂತೆಂದರೆ ಅಪ್ಪ ಗಂಟಲು ಸರಿಮಾಡಿಕೊಂಡು ಗಂಟೆ ಬಾರಿಸುತ್ತಿದ್ದ. ನಡೆದು ಬರುವ ಮನುಷ್ಯ ಗಂಟೆ ಬಾರಿಸುತ್ತ ಬರುವುದನ್ನು ಕಂಡು ಪರ ಊರಿನವರು ಪಕ್ಕಕ್ಕೆ ಸರಿದು ಕೈ ಮುಗಿದದ್ದೂ ಉಂಟು. ಹಿಂದೆ ಪಲ್ಲಕ್ಕಿ ಇದೆ ಎಂದುಕೊಂಡಿರಬೇಕು.

ಯಾಕೆ ಹತ್ತುವುದಿಲ್ಲ ಎಂದು ಕೇಳಿದವರಿಗೆ ಅಪ್ಪನ ಉತ್ತರ ಒಂದೇ:

"ಗಾಲಿ ಸವೀತಾವ್ರೀ."

ಮನೆಯಲ್ಲಿ ನಾವೆಲ್ಲ ಅದನ್ನೇ ಹೇಳುತ್ತಿದ್ದೆವು. ನಿಜ ಏನೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಸೈಕಲ್ಲು ಅವ್ವನ ತವರಿನವರು ಲಗ್ನದಲ್ಲಿ ಕೊಟ್ಟದ್ದು. ಕೊಡುವ ಮೊದಲು ಅವ್ವನ ಅಪ್ಪ, "ಅಳಿಯಂದಿರಿಗೆ ಸೈಕಲ್ ಬರತೈತಲ್ಲ?" ಎಂದು ಹಂದರದಲ್ಲಿ ಹತ್ತು ಜನರ ನಡುವೆ ಕೇಳಿದರಂತೆ. ಬಾಸಿಂಗ ಕಟ್ಟಿಕೊಂಡು ಕೂತ ಗಂಡು ಏನು ಹೇಳಬೇಕು? "ಬರತೈತ್ರಿ" ಎಂದುಬಿಟ್ಟ. ಬರುತ್ತದೆ ಎಂದವನು ಅದನ್ನು ಕಲಿಯುತ್ತಿರುವುದನ್ನು ಯಾರಿಗೆ ತೋರಿಸಲು ಸಾಧ್ಯ? ಹಾಗಾಗಿ ಸೈಕಲ್ಲು ಪಡಸಾಲೆಯ ಗೋಡೆಗೆ ಒರಗಿ ನಮ್ಮ ಜೊತೆಗೇ ಬೆಳೆಯಿತು. ಅಪ್ಪನ ತಾಯಿ, ನಮ್ಮ ಆಯಿ, ಸೋಮವಾರ ಲಿಂಗಪೂಜೆ ಮುಗಿಸಿ ಕೈಯಲ್ಲಿ ಉಳಿದ ವಿಭೂತಿಯನ್ನು ಅದರ ಹ್ಯಾಂಡಲ್ಲಿಗೂ ಬಳಿಯುತ್ತಿದ್ದಳು. ವರ್ಷಕ್ಕೊಮ್ಮೆ ಸೈಕಲ್ ಅಂಗಡಿಯ ಹುಸೇನ ಚಾಚಾ ಎಣ್ಣೆ ಬಿಡಲು ಬಂದಾಗ ಗಾಲಿ ತಿರುಗಿಸಿ ನೋಡಿ, ಯಾರಿಗೂ ಕೇಳದ ಹಾಗೆ ಅನ್ನುತ್ತಿದ್ದ: "ಅರೇ ನಿಂಗಪ್ಪಣ್ಣಾ, ಟೈರ್ ಮುದಕ ಆಗ್ಯಾವ, ಒಂದ ದಿನಾನೂ ದುಡದಿಲ್ಲ ನೋಡ್ರಿ."

ಇಂಥ ಮನೆಯಲ್ಲಿ ನನ್ನಂಥವನು ಹುಟ್ಟಿದ್ದು ಅಪ್ಪನ ಗ್ರಹಚಾರ. ಕಂಡವರ ಅಣಕ ಮಾಡುವುದು ನನ್ನ ಚಟ. ಆಯಿ ಹಲ್ಲಿಲ್ಲದ ಬಾಯಲ್ಲಿ ರೊಟ್ಟಿ ನುರಿಸುವುದು, ಶಾಲೆಯ ಮಾಸ್ತರರು ಸೀನು ಬರುವ ಮೊದಲು ಆಕಾಶ ನೋಡುವುದು, ದಾಂಡೇಲಿಯ ಕಾಗದದ ಗಿರಣಿಗೆ ಸೇರಿದ ಅಣ್ಣ ಮಹಾದೇವ ರಜೆಯಲ್ಲಿ ಬಂದಾಗ ಅರ್ಧ ಹಿಂದಿಯಲ್ಲಿ ಅರ್ಧ ಕನ್ನಡದಲ್ಲಿ ನೀರು ಕೇಳುವುದು, ಎಲ್ಲವೂ ನನ್ನ ಹತ್ತಿರ ಸಿದ್ಧ ಇರುತ್ತಿತ್ತು. ಯಾರೂ ಸಿಗದಿದ್ದರೆ ನನ್ನ ಅಣಕವನ್ನೇ ಮಾಡಿಕೊಳ್ಳುತ್ತಿದ್ದೆ. ಏಟು ಬೀಳುವ ಮೊದಲೇ ಅಳಲು ಶುರು ಮಾಡುವ ನನ್ನ ಮುಖಕ್ಕೆ ಅವ್ವ ಎಷ್ಟೋ ಸಲ ಸೋತು ಕೈ ಇಳಿಸಿದ್ದಳು. ಆದರೆ ನನ್ನ ಅತಿ ಒಳ್ಳೆಯ ಅಣಕ ಅಪ್ಪನದೇ. ಕಸಬರಿಗೆಯನ್ನು ಸೈಕಲ್ ಮಾಡಿ ದೂಡುತ್ತ, ಗಂಟಲು ಸರಿಮಾಡಿ, ತಿರುವಿನಲ್ಲಿ ನಿಂತು "ಟ್ರಿಣ್" ಅನ್ನುತ್ತಿದ್ದೆ. ಇದನ್ನು ಅಪ್ಪ ಒಮ್ಮೆ ಕಂಡ. ಬೈಯಲಿಲ್ಲ, ಹೊಡೆಯಲಿಲ್ಲ, ಎರಡು ದಿನ ಮಾತು ಬಿಟ್ಟ. ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು, ಆ ಹೊಡೆತದ್ದೂ ಒಂದು ಅಣಕ ಮಾಡಬಹುದಿತ್ತು.

ಅಪ್ಪನಿಗೆ ಮಾತು ಬರುತ್ತಿದ್ದದ್ದು ಹಿತ್ತಲಲ್ಲಿ, ಅದೂ ಗಿಡಗಳ ಜೊತೆ. ನಮ್ಮ ಹಿತ್ತಲು ಉದ್ದಕ್ಕೆ ಇತ್ತು, ಅಗಲಕ್ಕೆ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನಿಂದ ಹಿಂದಿನ ಗೋಡೆಯವರೆಗೆ ನಡುವೆ ಒಂದು ಕಾಲುದಾರಿ. ಅದರ ಬಲಕ್ಕೆ ಅವ್ವನ ಬದನೆ, ಎಡಕ್ಕೆ ಆಯಿಯ ಚೆಂಡುಹೂ ಮತ್ತು ಸೇವಂತಿಗೆ. ಆ ದಾರಿ ಗಡಿ. ಆಯಿಗೆ ಪೂಜೆಗೆ ಹೂ ಬೇಕು, ಅವ್ವನಿಗೆ ರೊಟ್ಟಿಗೆ ಪಲ್ಯ ಬೇಕು. ದೀಪಾವಳಿ ಕಳೆದು ಚಳಿ ಶುರುವಾದರೆ ಚೆಂಡುಹೂವಿನ ಗಿಡಗಳು ತೂಕಕ್ಕೆ ಬಾಗಿ ದಾರಿ ದಾಟಿ ಬದನೆಯ ಮೇಲೆ ಮಲಗುತ್ತಿದ್ದವು.

"ನಿಮ್ಮ ಹೂವಿಗೆ ಹೇಳ್ರಿ ಅತ್ತಿ, ತಮ್ಮ ಮನ್ಯಾಗ ಮಲಗು ಅಂತ."

"ದೇವರ ಹೂ ಅದು. ನಿನ್ನ ಬದನಿಕಾಯಿ ಯಾವ ದೇವರ ತಲಿ ಮ್ಯಾಲ ಇಡ್ತಿ?"

ಇಬ್ಬರ ನಡುವೆ ಅಪ್ಪ ಮೊಣಕಾಲೂರಿ ಕೂತು ಹೂವಿನ ಗಿಡಗಳಿಗೆ ಬಿದಿರಿನ ಗೂಟ ಕಟ್ಟುತ್ತಿದ್ದ. ಎರಡೂ ಕಡೆ ಅದೇ ಗೊಬ್ಬರ, ಅಷ್ಟೇ ನೀರು. ಅವನಿಗೆ ಹಿತ್ತಲಲ್ಲಿ ಪಕ್ಷ ಇರಲಿಲ್ಲ.

ಆ ವರ್ಷ ಅಣ್ಣನಿಗೆ ಸಾಂಬ್ರಾಣಿಯಲ್ಲಿ ಹೆಣ್ಣು ಗೊತ್ತಾಯಿತು. ನಿಶ್ಚಯಕ್ಕೆ ನಾವೆಲ್ಲ ಚಕ್ಕಡಿಯಲ್ಲಿ ಹೋದೆವು. ಅಪ್ಪ ಮರ್ಯಾದೆಗೆಂದು ಸೈಕಲ್ಲನ್ನೂ ಕರೆತಂದ. ಅಷ್ಟು ದೂರ ದೂಡಿಕೊಂಡು, ಚಕ್ಕಡಿಯ ಹಿಂದೆ. ಹೆಣ್ಣಿನ ತಂದೆ ಬಸಲಿಂಗಪ್ಪನವರು ಕಟ್ಟುಮಸ್ತಾದ ರೈತರು, ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ನಗೆ. ಧೂಳು ಮೆತ್ತಿದ ಅಪ್ಪನನ್ನೂ ಮಿರಿಮಿರಿ ಹೊಳೆಯುವ ಸೀಟನ್ನೂ ನೋಡಿ ಅವರು ತುಂಬಿದ ಪಡಸಾಲೆಯಲ್ಲಿ ಕೇಳಿದರು:

"ಅಲ್ರೀ ಬೀಗರ, ಸೈಕಲ್ ನಿಮ್ಮನ್ನ ಕರಕೊಂಡು ಬಂತೋ, ನೀವು ಸೈಕಲ್ಲ ಕರಕೊಂಡು ಬಂದಿರೋ?"

ಇಡೀ ಪಡಸಾಲೆ ನಕ್ಕಿತು. ನಾನೂ ನಕ್ಕೆ. ಅಪ್ಪ ನನ್ನ ಕಡೆ ನೋಡಲಿಲ್ಲ, ಆದರೆ ನೋಡದೆ ಇರಲು ಅವನು ಕುತ್ತಿಗೆ ತಿರುಗಿಸಿದ್ದು ನನಗೆ ಕಂಡಿತು. ಆಮೇಲೆ ನೀರು ಕುಡಿದು, ಲೋಟ ಕೆಳಗಿಟ್ಟು ಅಂದ:

"ಗೌರಿ ಹುಣ್ಣಿವಿಗೆ ಸಕ್ಕರಿ ಆರತಿ ತಗೊಂಡು ಇದರ ಮ್ಯಾಲ ಕುಂತ ಬರ್ತೇನ್ರಿ."

"ಬರ್ರಿ. ನೀವು ಕುಂತ ಬಂದ್ರ, ನಾನಽ ಕೈ ಹಿಡದು ಇಳಸ್ತೇನಿ. ಎಲ್ಲಾರೂ ಕೇಳ್ರೆಪಾ, ಮಾತು ಕೊಟ್ಟೇನಿ."

ನಮ್ಮ ಕಡೆ ಹೆಣ್ಣು ಗೊತ್ತಾದ ಮೇಲೆ ಬರುವ ಮೊದಲ ಗೌರಿ ಹುಣ್ಣಿಮೆಗೆ, ಅಂದರೆ ದೀಪಾವಳಿ ಕಳೆದ ಹುಣ್ಣಿಮೆಗೆ, ಗಂಡಿನ ಮನೆಯವರು ಆ ಹುಡುಗಿಗೆ ಸೀರೆ, ಹೂವಿನ ದಂಡೆ, ಸಕ್ಕರೆ ಆರತಿ ಒಯ್ಯಬೇಕು. ಸಕ್ಕರೆ ಪಾಕವನ್ನು ಕಟ್ಟಿಗೆಯ ಅಚ್ಚಿನಲ್ಲಿ ಹೊಯ್ದು ಮಾಡಿದ ಆನೆ, ಗುಡಿ, ನವಿಲು. ಸಂಜೆ ಹುಡುಗಿ ಅವನ್ನು ತಟ್ಟೆಯಲ್ಲಿಟ್ಟು ದೀಪ ಹಚ್ಚಿ ಗೌರಿಗೆ ಬೆಳಗಬೇಕು. ಎಂದರೆ ಬೀಗರ ಮನೆಯ ಅಷ್ಟೂ ಜನ, ಸಾಂಬ್ರಾಣಿಯ ಅರ್ಧ ಊರು, ಅಪ್ಪನ ದಾರಿ ಕಾಯುವುದು ಖಾತ್ರಿ. ಅಂದಿನಿಂದ ಸಂಜೆ ಅಂಗಡಿ ಮುಚ್ಚಿ ಬಂದ ಅಪ್ಪ ಹಿತ್ತಲ ಬಾಗಿಲು ಹಾಕಿಕೊಂಡು ಕಲಿಯತೊಡಗಿದ. ಒಗೆಯುವ ಕಲ್ಲಿನ ಮೇಲೆ ನಿಂತು ಸೀಟಿಗೆ ಏರುವುದು, ಕಾಲುದಾರಿಯಲ್ಲಿ ನಾಲ್ಕು ಮಾರು ಹೋಗುವುದು, ಬೀಳುವುದು. ಬಲಕ್ಕೆ ಬಿದ್ದರೆ ಅವ್ವ ಒಳಗಿನಿಂದ "ಶಿವಾ" ಅನ್ನುತ್ತಿದ್ದಳು, ಎಡಕ್ಕೆ ಬಿದ್ದರೆ ಆಯಿ. ಯಾವ ಕಡೆ ಬಿದ್ದ ಎಂದು ನೋಡಬೇಕಾಗಿರಲಿಲ್ಲ. ಅಪ್ಪ ಎದ್ದು, ಮೈ ಕೊಡವಿಕೊಳ್ಳುವ ಮೊದಲು ಮುರಿದ ಗಿಡಕ್ಕೆ ಗೂಟ ಕಟ್ಟುತ್ತಿದ್ದ. ಹುಣ್ಣಿಮೆ ಹತ್ತಿರ ಬರುವಷ್ಟರಲ್ಲಿ ಹಿತ್ತಲಲ್ಲಿ ಗಿಡಗಳಿಗಿಂತ ಗೂಟಗಳೇ ಹೆಚ್ಚಾದವು.

ಹುಣ್ಣಿಮೆಯ ದಿನ ನಸುಕಿನಲ್ಲಿ ಬಾಗಿಲಿಗೆ ಚಕ್ಕಡಿ ಬಂತು. ಅವ್ವ ಬಿದಿರಿನ ಬುಟ್ಟಿಯ ತಳಕ್ಕೆ ಬಾಳೆಲೆ ಹಾಸಿ ಸಕ್ಕರೆಯ ಬೊಂಬೆಗಳನ್ನು ಜೋಡಿಸಿದ್ದಳು. ಹೂ ಮಾತ್ರ ಹೊರಡುವ ಹೊತ್ತಿಗೆ ಕಿತ್ತು ಮೇಲೆ ಇಡುವುದೆಂದಿತ್ತು.

"ಬುಟ್ಟಿ ಚಕ್ಕಡ್ಯಾಗ ಒಯ್ತೇನ್ರಿ. ಸುಮ್ನ ನೀವೂ ಹತ್ರಿ," ಅಂದಳು ಅವ್ವ. "ಬೀಗರು ನಕ್ಕರ ನಗ್ಲಿ. ಕೈಕಾಲು ಮುರಕೊಂಡ್ರ ಅವರೇನು ಕಟ್ಟ ಹಾಕ್ತಾರ?"

"ಬುಟ್ಟಿ ಸೈಕಲ್ ಮ್ಯಾಲ ಬರತೈತಿ," ಅಂದ ಅಪ್ಪ. "ಶಿವ್ಯಾ ನನ್ನ ಜೋಡಿ ಬರ್ತಾನ."

ಶಿವ್ಯಾ ಅಂದರೆ ನಾನು. ನನಗೆ ಹುಸೇನ ಚಾಚಾನ ಅಂಗಡಿಯಿಂದ ಬಾಡಿಗೆ ಸೈಕಲ್ ಬಂದಿತ್ತು. ಅವ್ವ, ಆಯಿ ಹೋದ ಮೇಲೆ ಮನೆ ಖಾಲಿ. ಅಪ್ಪ ಹಿತ್ತಲಿಗೆ ಹೋಗಿ ಬದನೆಗೆ ನೀರು ಹಾಕಿದ. ಹೂವಿಗೆ ಹಾಕಿದ. ಮತ್ತೆ ಬದನೆಗೆ ಹಾಕಿದ. ಆಮೇಲೆ ಕಲ್ಲಿನ ಮೇಲೆ ನಿಂತು ಸೀಟು ಹಿಡಿದ, ಏರಲಿಲ್ಲ. ಇಳಿದು ಒಂದು ಕಳೆ ಕಿತ್ತ. ಮತ್ತೆ ನಿಂತ. ಬಿಸಿಲು ಗೋಡೆ ಇಳಿದು ಸೇವಂತಿಗೆಯವರೆಗೆ ಬಂತು. ಕೊನೆಗೆ ಕಲ್ಲಿನ ಮೇಲೆ ಕೂತೇಬಿಟ್ಟ.

"ಆಗೂದಿಲ್ಲ ನೋಡು," ಅಂದ. ಗಿಡಕ್ಕೆ ಹೇಳಿದನೋ ನನಗೋ ತಿಳಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ. "ನೀ ನನ್ನ ಅಣಕ ಮಾಡ್ತೀಯಲ್ಲ."

ನಾನು ಏಟಿಗೆ ಮೊದಲಿನ ಮುಖ ಸಿದ್ಧ ಮಾಡಿಕೊಂಡೆ.

"ನಾ ಸೈಕಲ್ ದೂಡೂದು ಮಾಡ್ತಿ. ಹೊಡಿಯೂದು ಮಾಡಿ ತೋರಸು."

"ಯಪ್ಪಾ, ಅದನ್ನ ನಾ ನೋಡೇ ಇಲ್ಲ."

"ನಾನೂ ನೋಡಿಲ್ಲ. ಅದಕ್ಕಽ ಮಾಡಂತೀನಿ."

ಇದ್ದದ್ದನ್ನು ಅಣಕ ಮಾಡುವುದು ಸುಲಭ. ಇಲ್ಲದ್ದನ್ನು ಹೇಗೆ ಮಾಡುವುದು? ನಾನು ಮೊದಲು ಚಡ್ಡಿಯ ಮೇಲೆ ಅಪ್ಪನ ಶಲ್ಯ ಸುತ್ತಿ, ಅದರ ಚುಂಗನ್ನು ಧೋತರದ ಹಾಗೆ ಎಡಗೈಲಿ ಹಿಡಿದೆ. ಗಂಟಲು ಸರಿಮಾಡಿಕೊಂಡೆ. ಅಂಗಡಿಯಲ್ಲಿ ತಕ್ಕಡಿ ಎತ್ತುವ ಮೊದಲು ಅಪ್ಪ ಮೂಗಿನಿಂದ ಒಂದು ಉಸಿರು ಬಿಡುತ್ತಾನೆ, ಅದನ್ನು ಬಿಟ್ಟೆ. ಕಲ್ಲಿನಿಂದ ನನ್ನ ಬಾಡಿಗೆ ಸೈಕಲ್ ಏರಿದೆ. ಅಪ್ಪ ಸೈಕಲ್ ಹೊಡೆದರೆ ಬೆನ್ನು ಬಾಗಿಸುವುದಿಲ್ಲ, ಅಂಗಡಿಯಲ್ಲಿ ಗಲ್ಲೆಯ ಮೇಲೆ ಕೂತ ಹಾಗೇ ಕೂರುತ್ತಾನೆ ಅನ್ನಿಸಿತು, ಹಾಗೆ ಕೂತೆ. ಅವಸರ ಮಾಡುವುದಿಲ್ಲ ಅನ್ನಿಸಿತು, ಮಾಡಲಿಲ್ಲ. ದಾರಿಯ ತುದಿಗೆ ಬಂದಾಗ, ತಿರುವು ಇಲ್ಲದಿದ್ದರೂ, ಗಂಟೆ ಬಾರಿಸಿದೆ. ಗೋಡೆಗೆ ಕೈ ಕೊಟ್ಟು ನಿಂತು ತಿರುಗಿ ನೋಡಿದರೆ ಅಪ್ಪನ ಹೊಟ್ಟೆ ಕುಣಿಯುತ್ತಿತ್ತು. ಅಪ್ಪ ನಗುತ್ತಿದ್ದ, ಸದ್ದಿಲ್ಲದೆ, ಕಣ್ಣೊರೆಸಿಕೊಂಡು.

"ಹಂಗ ಕಾಣ್ತೇನಿ?"

"ಹಂಗಽ ಕಾಣ್ತಿ."

"ಛಲೋ ಐತಿ," ಅಂದ ಅಪ್ಪ. ಎದ್ದು, ಗಂಟಲು ಸರಿಮಾಡಿ, ಮೂಗಿನಿಂದ ಒಂದು ಉಸಿರು ಬಿಟ್ಟು, ಕಲ್ಲಿನಿಂದ ಏರಿ, ಬೆನ್ನು ನೆಟ್ಟಗೆ ಮಾಡಿ, ಹಿತ್ತಲಿನ ಉದ್ದಕ್ಕೂ ಹೋಗಿ ನನ್ನ ಪಕ್ಕದ ಗೋಡೆಗೆ ಕೈ ಊರಿ ನಿಂತ. ಬದನೆಗೂ ಏನೂ ಆಗಲಿಲ್ಲ, ಚೆಂಡುಹೂವಿಗೂ ಏನೂ ಆಗಲಿಲ್ಲ. ಗಂಟೆ ಬಾರಿಸುವುದನ್ನು ಮರೆತಿದ್ದ. ನಿಂತ ಮೇಲೆ ಬಾರಿಸಿದ.

ಆಮೇಲೆ ಎಲ್ಲ ಅವಸರ. ಅಪ್ಪ ಚೆಂಡುಹೂ, ಸೇವಂತಿಗೆ ಕಿತ್ತು ಬುಟ್ಟಿ ತುಂಬಿ, ತಂಬಿಗೆಯಲ್ಲಿ ನೀರು ತಂದು ಚೆನ್ನಾಗಿ ಚಿಮುಕಿಸಿ, ಒದ್ದೆ ಬಟ್ಟೆ ಮುಚ್ಚಿ ಕ್ಯಾರಿಯರಿಗೆ ಬಿಗಿದ. ಗಿಡದಿಂದ ಕಿತ್ತ ಹೂವನ್ನು ಒಣಗಲು ಬಿಟ್ಟು ಹೊರಡುವುದು ಅವನ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಸೀರೆ, ಖಣ ನನ್ನ ಚೀಲದಲ್ಲಿದ್ದವು. ಮನೆ ಮುಂದಿನ ಕಟ್ಟೆಯಿಂದ ಏರಿದ ಅಪ್ಪ ನನಗೆ ಒಂದೇ ಅಪ್ಪಣೆ ಕೊಟ್ಟ:

"ನೀ ಮುಂದ ಹೋಗು. ನಾನಾಗೇ ಹೋಗು. ನಿನ್ನ ನೋಡ್ಕೋತ ನಾ ಬರ್ತೇನಿ."

ಹಾಗೆ ಸಾಂಬ್ರಾಣಿಯ ದಾರಿಯಲ್ಲಿ ಅಂದು ಇಬ್ಬರು ಅಪ್ಪಂದಿರು ಹೋದರು. ಮುಂದೆ ಗಿಡ್ಡವನು, ಹಿಂದೆ ಉದ್ದವನು. ಎರಡೂ ಕಡೆ ಭತ್ತ ಹಣ್ಣಾಗಿ ಬಾಗಿತ್ತು, ಕೆಲವು ಕಡೆ ಕೊಯ್ಲಿಗೆ ಬಿದ್ದಿತ್ತು. ಕೊಯ್ಯುವ ಹೆಂಗಸರು ಕುಡುಗೋಲು ಹಿಡಿದೇ ನೆಟ್ಟಗೆ ನಿಂತು ನಮ್ಮನ್ನು ನೋಡಿದರು. ಸಾಗವಾನಿಯ ನೆರಳಿನಲ್ಲಿ ಚಳಿ, ಹೊಲದ ಬಯಲಿನಲ್ಲಿ ಎಳೆ ಬಿಸಿಲು, ಮತ್ತೆ ನೆರಳು. ನನಗೆ ನನ್ನ ಹಾಗೆ ಓಡಿಸುವ ಆಸೆ ಕಾಲಿನಲ್ಲಿ ಕಚ್ಚುತ್ತಿತ್ತು. ಹಳ್ಳದ ಇಳಿಜಾರಿನಲ್ಲಿ ತಡೆಯದೆ ಎರಡೂ ಕೈ ಬಿಟ್ಟುಬಿಟ್ಟೆ. ಹಿಂದಿನಿಂದ ಗರ್ಜನೆ:

"ಲೇ! ನಾ ಹಂಗ ಕೈ ಬಿಡೂದಿಲ್ಲ!"

ಕೈ ಹಿಡಿದೆ, ಬೆನ್ನು ನೆಟ್ಟಗೆ ಮಾಡಿದೆ, ಮತ್ತೆ ಅಪ್ಪನಾದೆ. ಅಷ್ಟರಲ್ಲಿ ಎದುರಿನಿಂದ ದಾಂಡೇಲಿಗೆ ಬಿದಿರು ಹೊತ್ತ ಲಾರಿ ಬಂತು, ಬಿದಿರಿನ ತುದಿಗಳು ಹಿಂದೆ ನೆಲ ಗುಡಿಸುತ್ತಿದ್ದವು. ನಾನು ಇಳಿದು ಪಕ್ಕಕ್ಕೆ ನಿಂತೆ. ಅಪ್ಪ ಇಳಿಯಲಿಲ್ಲ. ರಸ್ತೆ ಬಿಟ್ಟು ಕೊಯ್ದ ಗದ್ದೆಗೆ ಇಳಿದ, ಕೂಳೆಯ ಮೇಲೆ ಕಡಕಡ ಹಾರುತ್ತ ಹೋದ, ಲಾರಿ ದಾಟಿದ ಮೇಲೆ ಇನ್ನೊಂದು ಕಡೆಯಿಂದ ರಸ್ತೆಗೆ ಏರಿದ. ರುಮಾಲು ಕಿವಿಯ ಮೇಲೆ ಜಾರಿತ್ತು. "ಶಭಾಷ್ ಯಪ್ಪಾ!" ಎಂದು ಕೂಗಿದೆ. ಜೀವನದಲ್ಲಿ ಅಪ್ಪನಿಗೆ ಅದನ್ನು ಅಂದದ್ದು ಮೊದಲ ಸಲ.

"ಶಿವ್ಯಾ, ಜೇನಹುಳ ಯಾಕೋ ಬೆನ್ನ ಹತ್ಯಾವು?"

"ಹೂವಿಗೆ ಇರಬೇಕು."

ಸಾಂಬ್ರಾಣಿಯ ಗುಡಿಯ ಶಿಖರ ಕಂಡಾಗ ನನಗೆ ಒಂದು ಸಂಗತಿ ಹೊಳೆಯಿತು. ಲಾರಿ ಬಂದಾಗ ಅಪ್ಪ ಧೈರ್ಯದಿಂದ ಇಳಿಯದೆ ಹೋದದ್ದಲ್ಲ; ಅವನಿಗೆ ಇಳಿಯಲು ಬರುತ್ತಿರಲಿಲ್ಲ. ಹಿತ್ತಲಲ್ಲಿ ನಿಲ್ಲಿಸುವುದೆಂದರೆ ಗೋಡೆ. ನಾನು ಹೊಡೆದು ತೋರಿಸಿದ್ದೆ, ಇಳಿದು ತೋರಿಸಿರಲಿಲ್ಲ. ತಿರುಗಿ ಅಪ್ಪನ ಮುಖ ನೋಡಿದೆ. ಅವನಿಗೂ ಅದೇ ಹೊತ್ತಿಗೆ ಹೊಳೆದಿತ್ತು.

"ಯಪ್ಪಾ, ಇಳಿಯೂದು..."

"ಗೊತ್ತೈತಿ. ನಡಿ," ಅಂದ ಅಪ್ಪ.

ಬೀಗರ ಮನೆಯ ಮುಂದೆ ಒಕ್ಕಣೆಗೆಂದು ಹೊಸದಾಗಿ ಸಗಣಿ ಸಾರಿಸಿದ ಕಣ, ನಡುವೆ ಮೇಟಿಕಂಬ, ಅಂಚಿಗೆ ಹುಲ್ಲಿನ ರಾಶಿ. ಬಸಲಿಂಗಪ್ಪನವರು ಕಟ್ಟೆಯ ಮೇಲೆ ಊರ ಹತ್ತು ಮಂದಿಯ ಜೊತೆ ಕೂತಿದ್ದರು. ಬಾಗಿಲಲ್ಲಿ ಹೆಂಗಸರು, ಅವರ ನಡುವೆ ಅವ್ವ, ಆಯಿ. ಮುಂದಿದ್ದ ನಾನು ಮೊದಲು ಬಂದು ಇಳಿದು ನಿಂತೆ. ಓಣಿಯ ತಿರುವಿನಲ್ಲಿ ಗಂಟೆ ಕೇಳಿತು. ಆಮೇಲೆ ಅಪ್ಪ ಬಂದ, ಸೀಟಿನ ಮೇಲೆ ಕೂತು, ಬೆನ್ನು ನೆಟ್ಟಗೆ. ನಿಲ್ಲಲು ಗೋಡೆಯಿಲ್ಲದ ಅಪ್ಪ ನೇರ ಕಣಕ್ಕೇ ಇಳಿದು ಮೇಟಿಕಂಬದ ಸುತ್ತ ತಿರುಗತೊಡಗಿದ. ಒಂದು ಸುತ್ತು ಬಂದ. ಇನ್ನೊಂದು ಬಂದ. ಮಂದಿ ಇದು ಗತ್ತು ಎಂದುಕೊಂಡಿತು. ನನಗೆ ಮಾತ್ರ ನಿಜ ಗೊತ್ತಿತ್ತು.

"ಬೀಗರ, ಕಣ ಇನ್ನೂ ಪೂಜಿ ಆಗಿಲ್ರೀ! ಚಪ್ಲಿ ಹಾಕ್ಕೊಂಡು..." ಎಂದು ಬಸಲಿಂಗಪ್ಪನವರು ಎದ್ದರು.

"ನನ್ನ ಕಾಲು ನೆಲಕ್ಕ ಹತ್ತಿಲ್ಲ, ನೋಡ್ಕೊಳ್ರಿ!" ಅಂದ ಅಪ್ಪ, ಸುತ್ತು ಬಿಡದೆ. ಆಮೇಲೆ ಗಂಟಲು ಸರಿಮಾಡಿಕೊಂಡ. "ಬೀಗರ, ಮಾತು ಕೊಟ್ಟಿದ್ರಿ. ಕೈ ಹಿಡದು ಇಳಸ್ತೇನಿ ಅಂದಿದ್ರಿ. ಇಳಸ್ರಿ!"

ಕಟ್ಟೆ ಹೋ ಎಂದಿತು. "ಹೌದ್ರಿ ಬಸಲಿಂಗಪ್ಪನವರ, ಮಾತು ಮಾತಽ! ಇಳಸ್ರಿ!" ಬಸಲಿಂಗಪ್ಪನವರು ಚಪ್ಪಲಿ ಬಿಟ್ಟು ಕಣಕ್ಕೆ ಇಳಿದರು, ಕೈ ಚಾಚಿಕೊಂಡು ಅಪ್ಪನ ಹಿಂದೆ ಓಡಿದರು. ಅಪ್ಪ ನಿಲ್ಲಿಸಲಾರ, ಅವರು ಹಿಡಿಯಲಾರರು. ಮೇಟಿಕಂಬದ ಸುತ್ತ ಮುಂದೆ ಸೈಕಲ್ಲು, ಹಿಂದೆ ಬೀಗರು, ಅವರ ಬಿಚ್ಚಿದ ರುಮಾಲಿನ ಚುಂಗು ಗಾಳಿಯಲ್ಲಿ. ಮಂದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿತು. ಕಡೆಗೊಮ್ಮೆ ಅವರು ಅಡ್ಡಹಾಯ್ದು ಹ್ಯಾಂಡಲ್ಲನ್ನು ತಬ್ಬಿಕೊಂಡರು. ಬೀಗರಿಬ್ಬರೂ ಸೈಕಲ್ ಸಮೇತ ಹುಲ್ಲಿನ ರಾಶಿಗೆ ಒರಗಿ ನಿಂತರು. ಬಸಲಿಂಗಪ್ಪನವರು ಏದುಸಿರು ಬಿಡುತ್ತಲೇ ಅಪ್ಪನ ಕೈ ಹಿಡಿದರು. ಅಪ್ಪ ಚಪ್ಪಲಿ ಎರಡನ್ನೂ ಕಣದಾಚೆಗೆ ಝಾಡಿಸಿ, ಕಾಲು ಮೇಲೆತ್ತಿ, ದೊಡ್ಡ ಸಾಹೇಬರ ಹಾಗೆ ನಿಧಾನವಾಗಿ ಇಳಿದ.

ಬುಟ್ಟಿ ಬಿಚ್ಚಿದರೆ ಹೂ ಈಗ ಕಿತ್ತ ಹಾಗೆ ನಳನಳಿಸುತ್ತಿತ್ತು. ಅದರ ಕೆಳಗೆ ನೀರು ಕುಡಿದ ಸಕ್ಕರೆ ಕರಗಿ, ಗುಡಿ ಕುಸಿದಿತ್ತು, ನವಿಲು ಕೋಳಿಮರಿಯಾಗಿತ್ತು. ಬಸಲಿಂಗಪ್ಪನವರು ಆನೆಯನ್ನು ಎತ್ತಿ ಹಿಡಿದರು. ಸೋತವರಿಗೆ ಅಷ್ಟು ಸಿಕ್ಕರೆ ಸಾಕು.

"ಬೀಗರ, ಆನಿ ಸೊಂಡಿ ಎಲ್ಲಿ?"

ಅಪ್ಪ ಅದನ್ನು ನೋಡಿದ. ತಂಬಿಗೆಯ ನೀರು ನೆನಪಾಗಿರಬೇಕು.

"ನಡಕೋತ ಬಂದಿದ್ರ ಇರ್ತಿತ್ತು. ಹಿಂಗ ಓಡಿ ಬಂದ್ರ ಗಾಳಿಗೆ ಉಳೀತೈತೇನ್ರೀ?"

ಅಪ್ಪ ಹೇಳಿದ ಮೊದಲ ನಗೆಮಾತು ಅದು, ನಾನು ಕೇಳಿದ್ದರಲ್ಲಿ. ಎಲ್ಲರಿಗಿಂತ ಜೋರಾಗಿ ನಕ್ಕವರು ಬಸಲಿಂಗಪ್ಪನವರೇ. ಸೊಂಡಿಲಿಲ್ಲದ ಆನೆಯನ್ನೇ ತಟ್ಟೆಯ ನಡುವೆ ಇಟ್ಟು ಆ ಸಂಜೆ ನಮ್ಮ ವೈನಿಯಾಗುವವಳು ಗೌರಿಗೆ ಆರತಿ ಬೆಳಗಿದಳು. ಅದಕ್ಕೆ ಮುಂಚೆ, ಗದ್ದಲದ ಮರೆಯಲ್ಲಿ, ಅವ್ವ ಸೈಕಲ್ಲಿನ ಹತ್ತಿರ ಬಂದು ಸೀಟಿನ ಮೇಲೆ ಕೈ ಇಟ್ಟು ನೋಡಿದಳು. ಬೆಚ್ಚಗಿತ್ತೇನೋ.

"ನಮ್ಮಪ್ಪಗ ನೀವು ಸುಳ್ಳ ಹೇಳಿರ್ಲಿಲ್ಲ ಬಿಡ್ರಿ," ಅಂದಳು.

ಊಟಕ್ಕೆ ಕೂತಾಗ ಬಸಲಿಂಗಪ್ಪನವರು ಕೈಯಲ್ಲಿ ರೊಟ್ಟಿ ಹಿಡಿದೇ ಎದ್ದು, ಅಪ್ಪ ಕಣದಲ್ಲಿ ಸುತ್ತಿದ್ದನ್ನು ಮಾಡಿ ತೋರಿಸಹೊರಟರು. ಬೆನ್ನು ಬಾಗಿಸಿದ್ದರು, ಎಲ್ಲ ತಪ್ಪು. ಅಪ್ಪ ಸ್ವಲ್ಪ ಹೊತ್ತು ನೋಡಿ ತಾಟು ಸರಿಸಿದ.

"ನಿಮಗ ಬರೂದಿಲ್ರೀ. ನಮ್ಮ ಹುಡುಗ ಛಲೋ ಮಾಡ್ತಾನ. ಶಿವ್ಯಾ, ಏಳು. ನಾ ಹೆಂಗ ಬಂದೆ ತೋರಸು."

ತುಂಬಿದ ಪಡಸಾಲೆಯಲ್ಲಿ ಅಪ್ಪನೇ ಹೇಳಿದ್ದ. ಎದ್ದೆ. ಶಲ್ಯ ಸುತ್ತಿದೆ, ಗಂಟಲು ಸರಿಮಾಡಿದೆ, ಮೂಗಿನಿಂದ ಉಸಿರು ಬಿಟ್ಟೆ, ಬೆನ್ನು ನೆಟ್ಟಗೆ ಮಾಡಿ ಕಂಬದ ಸುತ್ತ ತಿರುಗಿದೆ, ತಿರುವಿನಲ್ಲಿ ಬಾಯಿಂದಲೇ ಗಂಟೆ ಬಾರಿಸಿದೆ. ಈ ಸಲ ನಾನು ನೋಡಿದ್ದನ್ನೇ ಮಾಡುತ್ತಿದ್ದೆ. ಪಡಸಾಲೆ ಬಿದ್ದು ಬಿದ್ದು ನಗುತ್ತಿತ್ತು. ಅಪ್ಪ ಮಾತ್ರ ತಲೆ ಓರೆ ಮಾಡಿ, ತಕ್ಕಡಿಯ ಮುಳ್ಳು ನೋಡುವ ಹಾಗೆ ನೋಡಿ ಅಂದ:

"ಹಂಗಲ್ಲೋ. ನಾ ಇದಕ್ಕಿಂತ ಜೋರ ಬಂದಿದ್ನಿ."